ಅಳಿಯಕಟ್ಟು: ಹೆಣ್ಣಿನ ಒಡೆತನ, ಹೆಣ್ಣಿನ ಸ್ವಾತಂತ್ರ್ಯ

ವಂಶವನ್ನೂ ಆಸ್ತಿಯನ್ನೂ ತಾಯಿಯ ಕಡೆಯಿಂದ ಎಣಿಸುವ ಪದ್ಧತಿಗೆ ತುಳುನಾಡಿನಲ್ಲಿ ಅಳಿಯಕಟ್ಟು ಅಥವಾ ಅಳಿಯಸಂತಾನ ಎಂದು ಹೆಸರು. ಈಗಿನ ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಕುಂಬಳೆ ಕಡೆಯ ಬಂಟರು, ಬಿಲ್ಲವರು, ಮೊಗವೀರರು ಇದನ್ನು ಪಾಲಿಸುತ್ತಿದ್ದರು. ಚಂದ್ರಗಿರಿ ಹೊಳೆಯ ತೆಂಕಣಕ್ಕೆ ನಾಯರ್ ಮೊದಲಾದ ಮಲಯಾಳ ಸಮುದಾಯಗಳಲ್ಲಿ ಇದಕ್ಕೆ ಹತ್ತಿರದ ಮರುಮಕ್ಕತ್ತಾಯ ನಡೆಯುತ್ತಿತ್ತು. ಇದೇ ಊರುಗಳ ಬ್ರಾಹ್ಮಣರದು ಮಕ್ಕಳಕಟ್ಟು, ಅಂದರೆ ತಂದೆಯ ಕಡೆಯ ಎಣಿಕೆ. ಒಂದು ಮನೆಯಲ್ಲಿ ಮಗಳಿಂದಲೇ ಕುಟುಂಬ ಮುಂದುವರಿದರೆ, ಬೇಲಿಯಾಚೆಯ ಮನೆಯಲ್ಲಿ ಮದುವೆಯಾದ ಮಗಳು ಬೇರೆ ಗೋತ್ರದವಳಾಗುತ್ತಿದ್ದಳು. ಹೆಣ್ಣಿನ ಸ್ಥಾನ ಹುಟ್ಟಿನಿಂದಲೇ ನಿಶ್ಚಿತವಾದದ್ದೋ ಸಮಾಜ ಕಟ್ಟಿಕೊಂಡದ್ದೋ ಎಂಬ ಪ್ರಶ್ನೆಗೆ ಈ ನೆರೆಹೊರೆಯೇ ಸಾಕ್ಷಿ.

ಅಳಿಯಕಟ್ಟಿನ ಮೂಲವನ್ನು ಭೂತಾಳ ಪಾಂಡ್ಯನ ಐತಿಹ್ಯ ಹೇಳುತ್ತದೆ. ಹಡಗು ನೀರಿಗಿಳಿಯಬೇಕಾದರೆ ಒಬ್ಬ ಮಗನನ್ನು ಬಲಿ ಕೊಡಬೇಕೆಂದು ಕುಂಡೋದರ ಭೂತ ಅರಸನನ್ನು ಕೇಳಿತು. ಅರಸನ ಹೆಂಡತಿ ಒಪ್ಪಲಿಲ್ಲ; ತಂಗಿ ತನ್ನ ಮಗನನ್ನು ಒಪ್ಪಿಸಿದಳು. ಭೂತ ಹುಡುಗನನ್ನು ಉಳಿಸಿತು, ರಾಜ್ಯ ಆ ಅಳಿಯನ, ಅಂದರೆ ಭೂತಾಳ ಪಾಂಡ್ಯನ ಪಾಲಾಯಿತು. ಇದು ಇತಿಹಾಸವಲ್ಲ, ಪದ್ಧತಿಗೆ ಸಿಕ್ಕ ದೈವದ ಸಮರ್ಥನೆ. ಕಥೆಯಲ್ಲಿ ಹಕ್ಕು ದೊರೆಯುವುದು ಮಗನನ್ನು ಕೊಡಲು ಒಪ್ಪಿದ ತಾಯಿಯ ಕವಲಿಗೆ. ಒಲ್ಲೆನೆಂದ ತಾಯಿಯ ಮಕ್ಕಳಿಗೆ ಏನೂ ಇಲ್ಲ. ರಾಜ್ಯವಾಳುವವನು ಆಗಲೂ ಗಂಡಸೇ.

ಆಚರಣೆಯಲ್ಲಿ ಈ ಪದ್ಧತಿ ಹೆಣ್ಣಿಗೆ ಕೊಟ್ಟ ಆಸರೆ ದೊಡ್ಡದು. ಗಂಡ ಸತ್ತರೆ ಅಥವಾ ಸಂಬಂಧ ಮುರಿದರೆ ತಾಯಿಮನೆಗೆ ಮರಳುವುದು ಅವಳ ಹಕ್ಕಾಗಿತ್ತು, ಅಣ್ಣತಮ್ಮಂದಿರ ಕೃಪೆಯಲ್ಲ. ವಿಧವೆಯ ಮರುಮದುವೆಗೆ ಅಡ್ಡಿಯಿರಲಿಲ್ಲ. ಅದೇ ಕಾಲದಲ್ಲಿ ಬ್ರಾಹ್ಮಣ ವಿಧವೆಯ ತಲೆ ಬೋಳಿಸುತ್ತಿದ್ದರು. ಹಿರಿಯ ಹೆಂಗಸು ಯಜಮಾನ್ತಿಯಾಗಬಹುದಿತ್ತು. ಆದರೂ ಗೇಣಿ, ವ್ಯಾಜ್ಯ, ಲೆಕ್ಕಪತ್ರಗಳು ಸಾಮಾನ್ಯವಾಗಿ ಸೋದರಮಾವನ ಕೈಯಲ್ಲಿದ್ದವು. ಒಡೆತನ ಒಬ್ಬರದು, ತೀರ್ಮಾನ ಇನ್ನೊಬ್ಬರದು.

1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ ಕವರುಗಳಿಗೆ, ಅಂದರೆ ಒಬ್ಬ ಹೆಣ್ಣು ಮತ್ತು ಅವಳ ಹೆಣ್ಣು ಸಾಲಿನ ಸಂತತಿಯ ಕವಲುಗಳಿಗೆ, ಪಾಲು ಕೇಳುವ ಹಕ್ಕು ಕೊಟ್ಟಿತು. ಐವತ್ತು ತುಂಬದ ಒಬ್ಬ ಹೆಂಗಸಾದರೂ ಇದ್ದರೆ ಅದು ಸಂತತಿ ಕವರು, ಇಲ್ಲವಾದರೆ ನಿಸ್ಸಂತತಿ ಕವರು. ಕುಟುಂಬದಲ್ಲಿ ಬೇರೆ ಸಂತತಿ ಕವರು ಇದ್ದಾಗ ನಿಸ್ಸಂತತಿ ಕವರಿಗೆ ಸಿಗುತ್ತಿದ್ದುದು ಜೀವಿತಾವಧಿಯ ಅನುಭೋಗ ಮಾತ್ರ. ಕಾಯ್ದೆ ಲೆಕ್ಕಕ್ಕೆ ಹಿಡಿದದ್ದು ಹೆಣ್ಣನ್ನೋ ಅವಳ ಹೆರುವ ಶಕ್ತಿಯನ್ನೋ ಎಂಬ ಸಂದೇಹ ಇಲ್ಲಿ ಏಳುತ್ತದೆ.

ಶಾಸ್ತ್ರವೇ ಪಾಲನ್ನು ಗೊತ್ತುಮಾಡಿದ ಮುಸ್ಲಿಂ ಸಮಾಜದಲ್ಲೂ ಒಡೆತನಕ್ಕೂ ತೀರ್ಮಾನಕ್ಕೂ ನಡುವಿನ ಈ ಅಂತರ ಕಾಣುತ್ತದೆ. ಕುರಾನಿನಲ್ಲಿ ಮಗಳಿಗೆ ಪಾಲುಂಟು, ಅದು ಮಗನ ಪಾಲಿನ ಅರ್ಧ. ವಧುವಿಗೆ ವರನಿಂದ ಮಹರ್ ಎಂಬ ವಧುಧನ ಸಲ್ಲಬೇಕು. ಆದರೆ ಕಾಸರಗೋಡಿನಲ್ಲಿ ಹುಟ್ಟಿದ ಸಾರಾ ಅಬೂಬಕ್ಕರ್ (1936–2023) ಅವರ ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿಯ ನಾದಿರಾಳ ದಾಂಪತ್ಯ ಮುರಿಯುವುದು ಅವಳ ಇಚ್ಛೆಯಿಂದಲ್ಲ, ತಂದೆಯ ಹಟದಿಂದ. ಹೊಳೆಯ ಎರಡೂ ದಡಗಳಲ್ಲಿ, ತಾಯಿಯ ಎಣಿಕೆ, ತಂದೆಯ ಎಣಿಕೆ, ಕುರಾನಿನ ಪಾಲು ಎಂಬ ಮೂರೂ ಕಟ್ಟುಗಳಲ್ಲಿ ಪಾಲಿಗಿಂತ ಕೈಗೆಟುಕದ್ದು ತೀರ್ಮಾನದ ಅಧಿಕಾರ.

1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಹೆಣ್ಣನ್ನು ಆಸ್ತಿಯ ಪೂರ್ಣ ಒಡತಿ ಎಂದಿತು. ಅಳಿಯಕಟ್ಟಿನ ನೆನಪೂ ಅದರ 17ನೇ ಕಲಮಿನಲ್ಲಿ ಉಳಿದಿದೆ: ಈ ಸಮುದಾಯಗಳ ಹೆಣ್ಣು ಉಯಿಲು ಬರೆಯದೆ ಸತ್ತರೆ ಮೊದಲ ವಾರಸುದಾರರು ಮಕ್ಕಳು ಮತ್ತು ತಾಯಿ, ಗಂಡ ಆಮೇಲೆ. ಉಳಿದ ಹಿಂದೂ ಹೆಣ್ಣಿನ ವಿಷಯದಲ್ಲಿ ಮಕ್ಕಳ ಜತೆಗೇ ಗಂಡ ನಿಲ್ಲುತ್ತಾನೆ. ಕೇರಳವು 1975ರ ಕಾಯ್ದೆಯಿಂದ ಅವಿಭಕ್ತ ಕುಟುಂಬವನ್ನೇ ರದ್ದುಮಾಡಿತು. 1976ರ ಡಿಸೆಂಬರ್ 1ರಿಂದ ಪ್ರತಿ ಸದಸ್ಯೆಯ ಪಾಲೂ ಅವಳ ಸ್ವಂತದ್ದಾಯಿತು. ಯಜಮಾನನ ಅಂಕೆ ತಪ್ಪಿತು; ಎಂದಾದರೂ ಮರಳಬಹುದಾಗಿದ್ದ ತಾಯಿಮನೆಯ ಆಸರೆಯೂ ಅದರೊಂದಿಗೆ ಹೋಯಿತು. ಮದುವೆಗೆ ಬಳಿ (ತಾಯಿಯ ಕಡೆಯ ಕುಲ) ನೋಡುವಾಗ, ತರವಾಡಿನ (ತಾಯಿಯ ಮನೆತನದ) ದೈವದ ಕಾರ್ಯಕ್ಕೆ ಸೇರುವಾಗ ಮಾತ್ರ ತಾಯಿಯ ಕಡೆಯ ಎಣಿಕೆ ಇಂದಿಗೂ ನಡೆದಿದೆ.