ವಸಡಿನ ಬೇಗೆ

ಹಲ್ಲು ಬಿದ್ದರೆ ನಾವು ಹಲ್ಲನ್ನೇ ದೂರುತ್ತೇವೆ. ಆದರೆ ಎಷ್ಟೋ ಹಲ್ಲುಗಳು ತಾವು ಹುಳುಕಾಗಿ ಬೀಳುವುದಿಲ್ಲ. ಅವನ್ನು ಹಿಡಿದಿದ್ದ ವಸಡು, ಎಲುಬು ಸವೆದು ಬೀಳುತ್ತವೆ. ಈ ಸವೆತ ಹೆಚ್ಚಾಗಿ ನೋವೇ ಇಲ್ಲದೆ ವರ್ಷಗಟ್ಟಲೆ ನಡೆಯುತ್ತದೆ. ಹಲ್ಲುಜ್ಜುವಾಗ ಕಾಣುವ ರಕ್ತ ಅದರ ಮೊದಲ ಸೂಚನೆ. ಬೀಡಿ, ಸಿಗರೇಟು ಸೇದುವವರಲ್ಲಿ ಆ ಸೂಚನೆಯೂ ಮರೆಯಾಗಬಹುದು.

ಈ ರೋಗದ ಒಳನಡೆಯಲ್ಲಿ ಯೋಚಿಸಬೇಕಾದ ಸತ್ಯವೊಂದಿದೆ. ಹಲ್ಲು ಮತ್ತು ವಸಡಿನ ಸಂದಿಯಲ್ಲಿ ಪಾಚಿ ಕಟ್ಟುತ್ತದೆ, ಅದರಲ್ಲಿ ಬ್ಯಾಕ್ಟೀರಿಯಾ ನೆಲೆಯೂರುತ್ತವೆ. ಅವನ್ನು ಎದುರಿಸಲು ಬರುವ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಆಮ್ಲಜನಕದ ಉಗ್ರರೂಪಗಳನ್ನು ಸುರಿಯುತ್ತವೆ. ಆ ಉಗ್ರತೆಗೆ ಬ್ಯಾಕ್ಟೀರಿಯಾ ಸಾಯುತ್ತವೆ, ಜೊತೆಗೆ ವಸಡಿನ ಕೊಲಾಜೆನ್ ಎಳೆಗಳೂ ಕೆಡುತ್ತವೆ. ಪಾಚಿ ಇರುವತನಕ ಕಾದಾಟ ನಿಲ್ಲದು. ಎಲುಬು ಕರಗುವುದರಲ್ಲಿ ಬಹುಪಾಲು ನಮ್ಮದೇ ದೇಹದ ರಕ್ಷಣೆಯ ಅತಿರೇಕದ್ದು. ಬೇಲಿಯೇ ಎದ್ದು ಹೊಲ ಮೇಯ್ದಂತೆ ಇದು. ಆದರೆ ಈ ಬೇಲಿಗೆ ದ್ರೋಹದ ಬುದ್ಧಿಯಿಲ್ಲ, ವಿರಮಿಸಲು ಅದಕ್ಕೆ ಬಿಡುವು ಸಿಕ್ಕಿಲ್ಲ.

ಗ್ರೀನ್ ಟೀ ಇಲ್ಲಿ ನೆನಪಾಗುವುದು ಈ ಕಾರಣಕ್ಕೆ. ಕೊಯ್ದ ಎಲೆಯನ್ನು ಬೇಗನೆ ಬಿಸಿಮಾಡುವುದರಿಂದ ಅದರ ಕ್ಯಾಟೆಚಿನ್‌ಗಳು ಕಪ್ಪು ಚಹಾದಲ್ಲಿ ಮಾರ್ಪಡುವಂತೆ ಮಾರ್ಪಡದೆ ಉಳಿಯುತ್ತವೆ. ಇವು ಉತ್ಕರ್ಷಣ ನಿರೋಧಕಗಳು, ಅಂದರೆ ಆ ಉಗ್ರತೆಯನ್ನು ತಣಿಸಬಲ್ಲವು. ಜಪಾನಿನಲ್ಲಿ 49ರಿಂದ 59 ವಯಸ್ಸಿನ 940 ಗಂಡಸರನ್ನು ಪರೀಕ್ಷಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೆಚ್ಚು ಗ್ರೀನ್ ಟೀ ಕುಡಿಯುವವರ ವಸಡು ತುಸು ಚೆನ್ನಾಗಿತ್ತು. ಎಷ್ಟು ತುಸು? ದಿನಕ್ಕೆ ಒಂದು ಕಪ್ ಹೆಚ್ಚಿದಂತೆ ವಸಡಿನ ಸಂದಿಯ ಸರಾಸರಿ ಆಳ 0.023 ಮಿಲಿಮೀಟರ್ ಕಡಿಮೆ. ಅದು ಚಹಾದಿಂದಲೇ ಆಯಿತೆಂದು ಇಂಥ ಅಧ್ಯಯನ ಸಾಧಿಸಲಾರದು. ಕ್ಯಾಟೆಚಿನ್ ಸೇರಿಸಿದ ತೆಳುಪಟ್ಟಿಗಳನ್ನು ವಸಡಿನ ಸಂದಿಯಲ್ಲಿಟ್ಟು ನೋಡಿದ ಪ್ರಯೋಗಗಳೂ ನಡೆದಿವೆ. ಅಲ್ಲಿಯೂ ಅವನ್ನು ಸ್ಕೇಲಿಂಗ್‌ನ, ಅಂದರೆ ಪಾಚಿ ಕೆರೆದು ತೆಗೆಯುವ ಚಿಕಿತ್ಸೆಯ, ಜೊತೆಗೆ ಬಳಸಲಾಯಿತು.

ತಣಿಸುವುದು ಒಳ್ಳೆಯದಾದರೆ ಇನ್ನಷ್ಟು ತಣಿಸಿದರೆ ಇನ್ನೂ ಒಳ್ಳೆಯದಲ್ಲವೇ ಎಂದು ಮನಸ್ಸು ಕೇಳುತ್ತದೆ. ಫಿನ್ಲೆಂಡಿನಲ್ಲಿ ಧೂಮಪಾನಿ ಗಂಡಸರು 29,133 ಮಂದಿಯ ಮೇಲೆ ನಡೆದ ಪ್ರಯೋಗ ಇದಕ್ಕೆ ಕಠಿಣ ಉತ್ತರ ಕೊಟ್ಟಿತು. ಅವರಲ್ಲಿ ಬೀಟಾ ಕ್ಯಾರೊಟೀನ್ ಎಂಬ ಉತ್ಕರ್ಷಣ ನಿರೋಧಕದ ಗುಳಿಗೆ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ. 18ರಷ್ಟು ಹೆಚ್ಚಾಗಿತ್ತೆಂದು 1994ರಲ್ಲಿ ತಿಳಿದುಬಂತು. ದೇಹಕ್ಕೆ ಆ ಉಗ್ರತೆಯೂ ಬೇಕು; ಅದಿಲ್ಲದೆ ನ್ಯೂಟ್ರೋಫಿಲ್ ಬ್ಯಾಕ್ಟೀರಿಯಾವನ್ನು ಕೊಲ್ಲುವ ಬಲ ಕುಗ್ಗುತ್ತದೆ. ಆರೋಗ್ಯವೆಂದರೆ ಉಗ್ರತೆ, ತಣಿವು ಎರಡರ ಹದ.

ನಮ್ಮ ಒಲವು ಯಾವಾಗಲೂ ಸೇರಿಸುವುದರ ಕಡೆಗೆ. ಒಂದು ಗುಳಿಗೆ, ಒಂದು ಕಷಾಯ, ಒಂದು ಹೊಸ ಟೀ ಪೊಟ್ಟಣ ಸೇರಿಸಿದರೆ ಏನೋ ಮಾಡಿದ ಸಮಾಧಾನ. ತೆಗೆಯುವುದಕ್ಕೆ ಮಾತ್ರ ಹೆದರುತ್ತೇವೆ. ‘ಕ್ಲೀನ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತೆ’ ಎಂಬ ಮಾತು ನಮ್ಮ ಮನೆಗಳಲ್ಲಿ ಇಂದಿಗೂ ಇದೆ. ಹಲ್ಲನ್ನು ಸಡಿಲ ಮಾಡಿದ್ದು ರೋಗ. ಗಟ್ಟಿಗೊಂಡ ಪಾಚಿ ಅಕ್ಕಪಕ್ಕದ ಹಲ್ಲುಗಳನ್ನು ಬೆಸೆದು ಆ ಸಡಿಲವನ್ನು ಮುಚ್ಚಿಟ್ಟಿತ್ತು. ನಾಶ ಮಾಡುವುದೇ ಆಧಾರವಾಗಿ ತೋರುವ ಇಂಥ ಭ್ರಮೆ ಬದುಕಿನಲ್ಲಿ ಬೇರೆಡೆಯೂ ಇದೆ. ಬಿಡಲಾಗದ ಹಟ, ಹಳೆಯ ದ್ವೇಷ, ದುಶ್ಚಟ ಇವೆಲ್ಲ ನಮ್ಮನ್ನು ಹಿಡಿದು ನಿಲ್ಲಿಸಿವೆ ಎಂದೇ ಅನ್ನಿಸುತ್ತದೆ.

ಪೂರಕದ ಘನತೆ ಇರುವುದು ಅದು ತನ್ನ ಜಾಗ ಬಿಟ್ಟು ಮುಂದೆ ಬರದಿರುವುದರಲ್ಲಿ. ಗ್ರೀನ್ ಟೀ ಕುಡಿಯಿರಿ, ರುಚಿಸಿದರೆ ಸಂತೋಷವಾಗಿಯೇ ಕುಡಿಯಿರಿ. ಆದರೆ ವಸಡಿನಲ್ಲಿ ರಕ್ತ ಕಂಡರೆ ಮೊದಲು ದಂತವೈದ್ಯರ ಬಳಿ ಹೋಗಿ, ಪಾಚಿ ತೆಗೆಸಿ, ತಂಬಾಕು ಬಿಡಿ, ಸಕ್ಕರೆ ಕಾಯಿಲೆಯಿದ್ದರೆ ಹತೋಟಿಯಲ್ಲಿಡಿ. ತೆಗೆಯಬೇಕಾದ್ದನ್ನು ತೆಗೆದ ಮೇಲೆಯೇ ಸೇರಿಸಿದ್ದಕ್ಕೆ ಬೆಲೆ.