ಅನ್ನದ ಋಣ ಮತ್ತು ಮೂರು ದಿನದ ಮೌನ

ನಾವು ಹಾಸ್ಟೆಲಿನ ಅನ್ನ ಉಂಡು ಅಕ್ಷರ ಕಲಿತವರು. ಔರಾದ, ಭಾಲ್ಕಿ, ಬೀದರಿನ ಹಾಸ್ಟೆಲುಗಳು ಇಲ್ಲದಿದ್ದರೆ ನಮ್ಮ ಕೈಯಲ್ಲಿ ಇವತ್ತು ಪೆನ್ನಿನ ಬದಲು ಹೈದರಾಬಾದಿನ ಸಿಮೆಂಟು ಬುಟ್ಟಿ ಇರುತ್ತಿತ್ತು. ಆದ್ದರಿಂದಲೇ ಈ ಮಾತು ನಾವೇ ಆಡಬೇಕಾಗಿದೆ.

ಒಂದು ಹಾಸ್ಟೆಲು, ಹೆಸರು ಬೇಡ. ಏಳನೇ ಇಯತ್ತೆಯ ಹುಡುಗನಿಗೆ ಜ್ವರ ಬಂತು. ಮೊದಲ ದಿನ ಗುಳಿಗೆ ಕೊಟ್ಟರು. ಎರಡನೆಯ ದಿನ ಹುಡುಗ ಬಡಬಡಿಸತೊಡಗಿದ. 'ನಾಳಿ ಸಾಹೇಬ್ರು ಬರ್ತಾರ. ತಪಾಸಣೆ ಮುಗೀಲಿ, ಆಮ್ಯಾಲ ಮನಿಗಿ ಹೇಳಿದ್ರಾತು' ಎಂದರು. ಮೂರನೆಯ ದಿನ ಸಾಹೇಬರು ಬಂದರು, ಸುಣ್ಣ ಬಳಿದ ಗೋಡೆ ನೋಡಿ ಸಹಿ ಹಾಕಿ ಹೋದರು. ಹುಡುಗನನ್ನು ಹಿಂದಿನ ಖೋಲಿಯಲ್ಲಿ ಮಲಗಿಸಿದ್ದರು. ಆಮೇಲೆ ದವಾಖಾನೆ. ಬದುಕಿದ, ಶಾಲೆಗೆ ಮರಳಲಿಲ್ಲ. ಅವನ ತಾಯಿ ಬಂದು ಕೇಳಿದ್ದು ಒಂದೇ ಮಾತು: 'ಮೂರು ದಿನ ನಾ ಊರಾಗೇ ಇದ್ದೆನ್ರೀ ಯಪ್ಪಾ. ಯಾಕ ಹೇಳಿ ಕಳಸಲಿಲ್ಲ?'

ಆ ಪ್ರಶ್ನೆ ವಾರ್ಡನ್ನಿಗಷ್ಟೇ ಅಲ್ಲ. ನಾವು ನಲವತ್ತು ಮಂದಿ ಹುಡುಗರು ಅಲ್ಲೇ ಇದ್ದೆವು. ಯಾರೂ ಬಾಯಿ ಬಿಡಲಿಲ್ಲ. ಹಾಸ್ಟೆಲು ಮುಚ್ಚಿದರೆ ಎಲ್ಲಿಗೆ ಹೋಗೋದು? ಉಂಡ ಮನೆಗೆ ಎರಡು ಬಗೆಯಬಾರದು ಅಂತ ನಮಗೆ ಕಲಿಸಿದ್ದರು. ಅಡುಗೆಯವ್ವನೂ ನೋಡಿದ್ದಳು. ಅವಳದು ಗುತ್ತಿಗೆಯ ಕೆಲಸ. ಮಾತಾಡಿದರೆ ಮರುದಿನ ಅವಳ ಮನೆಯ ಒಲೆ ಉರಿಯುವುದಿಲ್ಲ.

ಹಾಗಾದರೆ ಅನ್ನದ ಬೆಲೆ ಮೌನವೇ? ಇದು ಜೀತದ ನೀತಿ. ಗೌಡನ ಮನೆಯ ಗಂಜಿ ಕುಡಿದವನು ಗೌಡನ ತಪ್ಪು ಆಡಬಾರದೆಂಬ ನೀತಿ. ಬಾಬಾಸಾಹೇಬರ ಬಹಿಷ್ಕೃತ ಹಿತಕಾರಿಣಿ ಸಭಾ 1925ರಲ್ಲಿ ಗಡಿಯಾಚೆಯ ಸೊಲ್ಲಾಪುರದಲ್ಲಿ ವಸತಿನಿಲಯ ತೆರೆದದ್ದು ನಮ್ಮ ತಲೆಯ ಮೇಲೆ ಋಣ ಹೊರಿಸಲಿಕ್ಕಲ್ಲ, ನಮಗೆ ಬಾಯಿ ಬರಲೆಂದು. ಹಾಸ್ಟೆಲು ದಾನವಲ್ಲ, ಹಕ್ಕು. ಹಕ್ಕಿಗೆ ಋಣವಿಲ್ಲ.

ತಡ ಮಾಡುವುದೂ ಸುಳ್ಳಿನ ಒಂದು ಜಾತಿಯೇ. ಹೊತ್ತು ಮೀರಿ ಹೇಳಿದ ನಿಜ ಕಡತಕ್ಕೆ ಆದೀತು, ಕೂಸಿಗಲ್ಲ.

ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ವಿಷಯದಲ್ಲಂತೂ ಕಾನೂನು ಮೌನವನ್ನೇ ಅಪರಾಧ ಎನ್ನುತ್ತದೆ. 2012ರ ಪೋಕ್ಸೋ ಕಾಯ್ದೆಯಂತೆ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ಪೊಲೀಸರು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಗೆ ವರದಿ ಕೊಡಬೇಕು. ಕೈಕೆಳಗಿನವರ ಇಂಥ ಅಪರಾಧ ತಿಳಿಸದ ಸಂಸ್ಥೆಯ ಮುಖ್ಯಸ್ಥನಿಗೆ 1 ವರ್ಷದವರೆಗೆ ಜೈಲು. ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ರಾಜುರಾದ ಹಾಸ್ಟೆಲಿನ ಆದಿವಾಸಿ ಹುಡುಗಿಯರ ಪ್ರಕರಣದಲ್ಲಿ, ತಿಳಿದೂ ತಿಳಿಸಲಿಲ್ಲವೆಂಬ ಆರೋಪ ಹೊತ್ತ ವೈದ್ಯನ ಮೇಲಿನ ಮೊಕದ್ದಮೆಯನ್ನು ಹೈಕೋರ್ಟು ರದ್ದು ಮಾಡಿತ್ತು. 2022ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಆ ಆದೇಶವನ್ನೇ ತಳ್ಳಿಹಾಕಿತು. ಅದೇ ಕಾಯ್ದೆ, ತಿಳಿಸದೆ ಉಳಿದ ಮಗುವನ್ನು ಶಿಕ್ಷಿಸುವುದಿಲ್ಲ. ಕಾನೂನಿಗೆ ಮಗುವಿನ ಭಯ ಗೊತ್ತು. ಆದರೆ ನಾವೀಗ ಮಕ್ಕಳಲ್ಲ.

ವಾರ್ಡನ್ನಿನ ಪರವಾಗಿಯೂ ಒಂದು ಮಾತು. ಹೇಳಿದವನೇ ಮೊದಲು ಸಸ್ಪೆಂಡ್ ಆದರೆ ಯಾರು ಹೇಳ್ತಾರ? ಹೇಳಿದವನನ್ನು ಹೊಡೆಯುವ ವ್ಯವಸ್ಥೆಗೆ ಸುಣ್ಣ ಬಳಿದ ಗೋಡೆಯೇ ಕಾಣುತ್ತದೆ. ಶಿಕ್ಷೆ ಮುಚ್ಚಿಟ್ಟದ್ದಕ್ಕೆ ಇರಲಿ, ಹೇಳಿದ್ದಕ್ಕಲ್ಲ.

ಹಳ್ಳಿಯ ಮಾಸ್ತರರೇ, ಗೆಳೆಯರೇ, ಆ ಗೋಡೆಯ ಮೇಲೆ 1098 ಅಂತ ದಪ್ಪಗೆ ಬರೆಯಿರಿ. ಏನಾಯಿತು, ಎಷ್ಟು ಗಂಟೆಗೆ ಆಯಿತು, ಮನೆಗೆ ಎಷ್ಟು ಗಂಟೆಗೆ ಹೇಳಿದರು ಎಂದು ಒಂದು ವಹಿ ಬರೆಸಿರಿ. ಅದು ತಾಯಂದಿರಿಗೂ ಓದಿ ಹೇಳುವಂತಿರಲಿ.

ಆ ತಾಯಿಯ ಪ್ರಶ್ನೆಗೆ ನಮ್ಮ ಬಳಿ ಇನ್ನೂ ಉತ್ತರವಿಲ್ಲ. ಅವಳು ಕೇಳಿದ್ದು ಪರಿಹಾರವಲ್ಲ. ಆ ಮೂರು ದಿನ.