ಭೂವಿಕ್ರಯಿಗಳ ಗೋಷ್ಠಿ

ವಿದ್ಯೆಯನ್ನು ಹಂಚಿಕೊಳ್ಳುವುದು ಪುಣ್ಯಕಾರ್ಯವೆಂಬುದರಲ್ಲಿ ಯಾರಿಗೂ ವಿವಾದವಿರಲಾರದು. ಆದರೆ ಒಂದು ಕಸುಬಿನವರು ತಮ್ಮ ಕಸುಬಿನ ಅರಿವನ್ನು ತಮ್ಮತಮ್ಮೊಳಗೆ ಮಾತ್ರವೇ ಹಂಚಿಕೊಂಡು, ಅದರಿಂದ ಯಾರ ಬಾಳು ಏಳುವುದೋ ಬೀಳುವುದೋ ಅವರನ್ನು ಬಾಗಿಲಾಚೆಗೆ ನಿಲ್ಲಿಸಿದರೆ ಅದೂ ವಿದ್ಯಾದಾನವೆನಿಸಿಕೊಳ್ಳುವುದೇ? ಈ ಶಂಕೆ ನನ್ನಲ್ಲಿ ಹುಟ್ಟಿದ್ದು ಗ್ರಂಥಾವಲೋಕನದಿಂದಲ್ಲ. ಒಂದು ಭಾನುವಾರ ಮಧ್ಯಾಹ್ನ, ಒಂದು ಬೇವಿನ ಮರದ ನೆರಳಿನಲ್ಲಿ.

ನಮ್ಮ ರಾಯಚೂರು ತಾಲ್ಲೂಕಿನ ಚಂದ್ರಬಂಡದ ಕಡೆ ಹೊಲಗಳ ನಡುವೆ ಬಿಳಿಯ ಸುಣ್ಣ ಬಳಿದ ಗೂಟಗಲ್ಲುಗಳು ಎದ್ದುನಿಂತಿರುವುದನ್ನು ವಾಚಕರಲ್ಲಿ ಕೆಲವರಾದರೂ ನೋಡಿರಬಹುದು. ಹೊಲವು ಪ್ಲಾಟಾಗಿರುವುದರ ಗುರುತು ಅದು. ಈ ಕೆಲಸ ಮಾಡುವವರಲ್ಲೊಬ್ಬನು ಹಿಂದೆ ನನ್ನ ಬಳಿ ಶಬ್ದರೂಪಗಳನ್ನು ಕಲಿತವನು. ಕಲಿತದ್ದಕ್ಕಿಂತ ಮರೆತದ್ದೇ ಹೆಚ್ಚೆಂದು ತಾನೇ ಒಪ್ಪಿಕೊಳ್ಳುವಷ್ಟು ಸರಳನು. ಅವನೂ ಅವನಂಥ ಹತ್ತು ಹನ್ನೆರಡು ಮಂದಿಯೂ ತಿಂಗಳಿಗೊಮ್ಮೆ ಕೂಡುವರಂತೆ. ಮಹಾನಗರಗಳ ದೊಡ್ಡ ಕಟ್ಟಡಗಾರರಿಗೆ 1999ರಲ್ಲಿ ಹುಟ್ಟಿದ ಕ್ರೆಡಾಯ್ ಎಂಬ ಅಖಿಲ ಭಾರತ ಒಕ್ಕೂಟವುಂಟು. ಎರಡೆಕರೆ ನಾಲ್ಕೆಕರೆ ಹಿಡಿದು ಸಾಲದ ಹಣದಲ್ಲಿ ವ್ಯವಹರಿಸುವ ಇವರಿಗೆ ಇರುವುದು ಒಂದು ಚಹಾದ ಕೆಟಲ್ಲು, ನಾಲ್ಕು ಬೆಂಚು. “ನಮಗ ಕಲಿಯಾಕ ಸಾಲಿ ಇಲ್ರಿ ಗುರುಗಳೇ. ಒಬ್ಬರು ತಿಂದ ಪೆಟ್ಟು ಇನ್ನೊಬ್ಬರು ತಿನ್ನಬಾರದು ಅಂತ ಕೂಡ್ತೀವ್ರಿ. ನೀವೂ ಬಂದು ನಾಕು ಮಾತು ಹೇಳ್ರಿ” ಎಂದು ಕರೆದನು. ಹೋದೆನು.

ಮೊದಲ ಒಂದು ತಾಸು ನಾನು ಕೇಳಿದ್ದು ನಿಜವಾಗಿಯೂ ಶಾಸ್ತ್ರಗೋಷ್ಠಿಯಂತೆಯೇ ಇದ್ದಿತು. ಒಬ್ಬನು ತಾನು ಮೋಸಹೋದ ಕಥೆಯನ್ನು ನಾಚಿಕೆಯಿಲ್ಲದೆ ಹೇಳಿದನು. ಅವನು ಕೊಂಡ ಹೊಲವು ಪರಿಶಿಷ್ಟ ಜಾತಿಯ ಕುಟುಂಬವೊಂದಕ್ಕೆ ಸರ್ಕಾರದಿಂದ ಮಂಜೂರಾದದ್ದು. 1978ರ ಕಾಯ್ದೆಯ ಪ್ರಕಾರ ಸರ್ಕಾರದ ಅನುಮತಿಯಿಲ್ಲದೆ ಪರಭಾರೆಯಾಗಬಾರದಾದದ್ದು. ಪಹಣಿಯನ್ನು ಮಾತ್ರ ನೋಡಿ, ಮಂಜೂರಾತಿಯ ಮೂಲವನ್ನು ನೋಡದೆ ಹಣ ಕೊಟ್ಟಿದ್ದನು. ಇನ್ನೊಬ್ಬನು ಎರೆಭೂಮಿಯ ಗುಣವನ್ನು ವಿವರಿಸಿದನು: ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ಆ ಮಣ್ಣನ್ನು ಆಳಕ್ಕೆ ತೋಡಿ ತೆಗೆದು ಗರಸು ತುಂಬದೆ ಪಾಯ ಹಾಕಿದರೆ ಎರಡು ವರ್ಷದಲ್ಲಿ ಗೋಡೆ ಸೀಳುವುದು, ಕೊಳ್ಳುವವರಿಗೆ ಇದನ್ನು ಮೊದಲೇ ತಿಳಿಸಬೇಕು. ಮತ್ತೊಬ್ಬನು ಲೆಕ್ಕ ಹೇಳಿದನು. ಎಕರೆಗೆ 43,560 ಚದರಡಿ. ಮೂವತ್ತು ನಲವತ್ತರ ಪ್ಲಾಟು 1,200 ಚದರಡಿ. ಕಾಗದದ ಮೇಲೆ 36 ಪ್ಲಾಟು ಬರುವುದೆಂದು ಹಿಗ್ಗಿ ಹಣ ಹೂಡಿದವನು ರಸ್ತೆ, ಚರಂಡಿ, ಉದ್ಯಾನ, ಸಾರ್ವಜನಿಕ ಸ್ಥಳಗಳಿಗೆಂದು ಬಿಟ್ಟ ಮೇಲೆ ಹೆಚ್ಚುಕಡಮೆ ಅರ್ಧವೇ ಉಳಿದು, ಹದಿನೆಂಟು ಇಪ್ಪತ್ತನ್ನು ಎಣಿಸಿಕೊಂಡು ಕೂಡುವನು. ಆಗ ಉದ್ಯಾನದ ಜಾಗವನ್ನು ನುಂಗುವ ಆಸೆ ಹುಟ್ಟುವುದು. “ಮೊದಲ ಲೆಕ್ಕ ತಪ್ಪಿದವನೇ ಆಮೇಲೆ ಕಳ್ಳ ಆಗ್ತಾನ” ಎಂದು ಅವನು ಹೇಳಿದ ಮಾತನ್ನು ನಾನು ನನ್ನ ಟಿಪ್ಪಣಿಯ ಪುಸ್ತಕದಲ್ಲಿ ಬರೆದುಕೊಂಡೆನು.

ಚಹಾ ಆದ ಮೇಲೆ ಮಾತಿನ ಧಾಟಿ ಬದಲಾಯಿತು. ಯಾವ ಹೊಲದವನು ಸಾಲದಲ್ಲಿದ್ದಾನೆ, ಯಾರ ಮಗಳ ಲಗ್ನ ಗೊತ್ತಾಗಿದೆ, ಯಾವ ಅಣ್ಣತಮ್ಮಂದಿರಲ್ಲಿ ಜಗಳವೆದ್ದು ಒಬ್ಬನು ಅಗ್ಗಕ್ಕೆ ಬಿಡುವಂತಿದ್ದಾನೆ, ಇವುಗಳ ಪ್ರಸ್ತಾಪ. ಹಾಗೆಯೇ ಒಂದು ಹೊಸ ದಾರಿಯು ಯಾವ ಸರ್ವೆ ನಂಬರುಗಳನ್ನು ಮುಟ್ಟಿಕೊಂಡು ಹೋಗಲಿದೆಯೆಂಬ ಸುದ್ದಿ. ಯಾರೂ ದನಿ ತಗ್ಗಿಸಲಿಲ್ಲ. ಪಾಯದ ವಿಷಯ ಹೇಳಿದ ದನಿಯಲ್ಲಿಯೇ ಇದನ್ನೂ ಹೇಳಿದರು. ನನಗೆ ಕಸಿವಿಸಿಯಾದದ್ದು ಅದರಿಂದಲೇ. ಕೆಟ್ಟದ್ದನ್ನು ಮಾಡುತ್ತಿದ್ದೇವೆಂಬ ಭಾವನೆ ಅವರಲ್ಲಿ ಯಾರಿಗೂ ಇರಲಿಲ್ಲ.

ವಿಚಾರಿಸಿ ನೋಡಿದರೆ ಅಲ್ಲಿ ಹಂಚಿಕೆಯಾದ ಅರಿವು ಒಂದೇ ಜಾತಿಯದಲ್ಲ. ಮಣ್ಣು, ಕಾಯ್ದೆ, ಲೆಕ್ಕ, ಇವುಗಳ ಅರಿವು ವಸ್ತುಜ್ಞಾನ. ಅದು ಎಷ್ಟು ಜನಕ್ಕೆ ತಿಳಿದರೂ ಯಾರಿಗೂ ನಷ್ಟವಿಲ್ಲ; ಕೊಳ್ಳುವವನು ಪಕ್ಕದಲ್ಲಿ ಕುಳಿತು ಕೇಳಿದರೂ ಹೇಳುವವನು ಮಾತು ನಿಲ್ಲಿಸಬೇಕಾಗಿಲ್ಲ. ಪರರ ಸಂಕಟದ ಅರಿವಾದರೋ ಬೇರೆಯದು. ಅದಕ್ಕೆ ನಮ್ಮವರು ರಂಧ್ರಾನ್ವೇಷಣೆಯೆಂದು ಹೆಸರಿಟ್ಟಿದ್ದಾರೆ. ಆ ಸಂಕಟದವನು ಬಂದು ಬೆಂಚಿನ ಮೇಲೆ ಕುಳಿತರೆ ಆ ಮಾತು ತಾನಾಗಿಯೇ ನಿಂತುಹೋಗುವುದು. ಇವೆರಡರ ನಡುವೆ ನಿಂತಿರುವುದು ದಾರಿಯ ಸುದ್ದಿ. ಅದು ವಸ್ತುವಿನ ವಿಷಯವೂ ಹೌದು. ಮುಚ್ಚಿಟ್ಟರೆ ಮಾತ್ರವೇ ಲಾಭ ತರುವಂಥದೂ ಹೌದು. ಕಷ್ಟವಿರುವುದು ಇಲ್ಲಿಯೇ.

ಈ ಕಷ್ಟವು ಹೊಸದಲ್ಲ. ರೋಮ್ ದೇಶದ ಸಿಸೆರೋ ಎಂಬ ಪಂಡಿತನು ತನ್ನ ಕರ್ತವ್ಯವಿಚಾರದ ಗ್ರಂಥದಲ್ಲಿ ಒಂದು ಪ್ರಸಂಗವನ್ನು ಚರ್ಚಿಸಿದ್ದಾನೆ. ಕ್ಷಾಮ ಬಡಿದ ರೋಡ್ಸ್ ದ್ವೀಪಕ್ಕೆ ಒಬ್ಬ ವರ್ತಕನು ಧಾನ್ಯದ ಹಡಗನ್ನು ತರುತ್ತಾನೆ. ಹಿಂದೆ ಇನ್ನೂ ಹಲವು ಹಡಗುಗಳು ಬರುತ್ತಿರುವುದನ್ನು ಕಣ್ಣಾರೆ ಕಂಡಿದ್ದಾನೆ. ಅದನ್ನು ಹೇಳಿ ಇಳಿದ ಬೆಲೆಗೆ ಮಾರಬೇಕೋ, ಸುಮ್ಮನಿದ್ದು ಏರಿದ ಬೆಲೆ ಪಡೆಯಬೇಕೋ? ಸುಮ್ಮನಿರುವುದು ಬೇರೆ, ಬಚ್ಚಿಡುವುದು ಬೇರೆ ಎಂದು ಒಬ್ಬ ಆಚಾರ್ಯನ ವಾದ. ಕೊಳ್ಳುವವನಿಗೆ ತಿಳಿದರೆ ಒಳಿತಾಗುವುದನ್ನು ನಿನ್ನ ಲಾಭಕ್ಕೋಸ್ಕರ ಹೇಳದಿರುವುದೇ ಬಚ್ಚಿಡುವುದು ಎಂದು ಇನ್ನೊಬ್ಬನದು. ಸಿಸೆರೋ ಎರಡನೆಯ ಪಕ್ಷವನ್ನು ಹಿಡಿದನು. ನಮ್ಮ ಮಹಾಭಾರತದ ಶಾಂತಿಪರ್ವದಲ್ಲಿ ತಪಸ್ವಿ ಜಾಜಲಿಗೆ ಧರ್ಮವನ್ನು ಹೇಳಿಕೊಟ್ಟ ತುಲಾಧಾರನು ಕಾಶಿಯ ವರ್ತಕನೇ ಆಗಿದ್ದನೆಂಬುದನ್ನೂ ಇಲ್ಲಿ ನೆನೆಯಬಹುದು.

ಆದರೆ ನಮ್ಮ ನಾಡಿನವನೇ ಇದಕ್ಕೆ ಹೆಚ್ಚು ಹತ್ತಿರದ ಮಾತನ್ನು ಹೇಳಿದ್ದಾನೆ. ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ (1076–1126) ಆಶ್ರಯದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಬರೆದ ಮಿತಾಕ್ಷರಾ ವ್ಯಾಖ್ಯಾನದಲ್ಲಿ ಭೂಮಿಯು ಕೈಬದಲಾಗುವ ಕ್ರಮವನ್ನು ವಿಚಾರಿಸುತ್ತಾನೆ. ಊರವರು, ಜ್ಞಾತಿಗಳು, ನೆರೆಹೊಲದವರು, ದಾಯಾದರು, ಇವರ ಸಮ್ಮತಿ. ಜೊತೆಗೆ ಹಿರಣ್ಯ ಮತ್ತು ಉದಕಗಳ ದಾನ. ಹೀಗೆ ಆರರಿಂದ ಭೂಮಿ ಹೋಗುತ್ತದೆಂಬ ಪ್ರಾಚೀನ ವಚನವನ್ನು ಎತ್ತಿಕೊಂಡು ಒಂದೊಂದಕ್ಕೂ ಪ್ರಯೋಜನವನ್ನು ಹೇಳುತ್ತಾನೆ. ಊರವರ ಸಮ್ಮತಿಯಿಲ್ಲದಿದ್ದರೆ ವ್ಯವಹಾರವೇ ಸಿದ್ಧಿಸದೆಂದು ಅವನ ಅಭಿಪ್ರಾಯವಲ್ಲ. ವ್ಯವಹಾರವು ಪ್ರಕಾಶಕ್ಕೆ ಬರಲೆಂದು ಅದು ಬೇಕು. ನೆರೆಹೊಲದವರ ಸಮ್ಮತಿ ಎಲ್ಲೆಯ ಜಗಳ ತಪ್ಪಲೆಂದು. ಸ್ಥಾವರವನ್ನು ಮಾರುವುದೇ ನಿಷಿದ್ಧವೆಂಬ ವಚನವಿರುವುದರಿಂದ, ಮಾರಲೇಬೇಕಾದರೆ ನೀರು ಹೊಯ್ದು ದಾನದ ರೂಪದಲ್ಲಿ ಕೊಡಬೇಕೆಂಬುದು ಹಿರಣ್ಯೋದಕದ ಅರ್ಥ. ಕೌಟಿಲ್ಯನ ಅರ್ಥಶಾಸ್ತ್ರವೂ, ಮೈಸೂರಿನಲ್ಲಿ ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚು ಹಾಕಿಸಿದ ಆ ಗ್ರಂಥವೂ, ಮನೆಯನ್ನು ಮಾರುವಾಗ ನೆರೆಯ ನಲವತ್ತು ಕುಟುಂಬಗಳ ಎದುರಿಗೆ, ಹೊಲವನ್ನು ಮಾರುವಾಗ ಎಲ್ಲೆಯ ಮೇಲೆ ಊರ ಹಿರಿಯರ ಸಮಕ್ಷಮ ಬೆಲೆಯನ್ನು ಕೂಗಿ ಹೇಳಬೇಕೆಂದು ವಿಧಿಸುತ್ತದೆ. ಇನ್ನು ವರ್ತಕರು ಒಟ್ಟುಗೂಡಿ ಕುಶಲಕರ್ಮಿಗಳಿಗೆ ಬಾಧೆಯಾಗುವಂತೆ ಬೆಲೆಯನ್ನು ಕಟ್ಟಿದರೆ ಉತ್ತಮಸಾಹಸವೆಂಬ ಮೇಲ್ದಂಡವನ್ನು ಯಾಜ್ಞವಲ್ಕ್ಯನು ಹೇಳಿದ್ದಾನೆ. ಕೂಡುವುದನ್ನೇ ಅವನು ನಿಷೇಧಿಸಲಿಲ್ಲ. ಶ್ರೇಣಿಗಳ ಕಟ್ಟುಪಾಡನ್ನು ರಾಜನು ಕಾಪಾಡಬೇಕೆಂದೇ ಹೇಳಿದನು. ಐಹೊಳೆಯ ಐನೂರ್ವರು ಅಂಥ ಕಟ್ಟುಪಾಡಿನ ಬಲದಿಂದಲೇ ಕಡಲಾಚೆಯ ಸುಮಾತ್ರಾದವರೆಗೆ ಹೆಸರನ್ನು ಒಯ್ದರು. ಅಲ್ಲಿ 1088ರ ಶಾಸನವೊಂದು ದೊರೆತಿದೆ.

ಹಳೆಯ ಕಾಲವೆಲ್ಲ ಧರ್ಮಮಯವಾಗಿತ್ತೆಂದು ಇದರಿಂದ ಯಾರೂ ಭಾವಿಸಬಾರದು. ಎಲ್ಲೆಯ ಮೇಲೆ ನಿಂತು ಕೂಗಿದ ಬೆಲೆಯನ್ನು ಕೇಳಲು ಊರ ಹೊರಗಿನ ಕೇರಿಯವರನ್ನು ಕರೆದವರಾರು? ಅವರಿಗೆ ಭೂಮಿ ದಕ್ಕಲು, ದಕ್ಕಿದ್ದು ಉಳಿಯಲು 1961ರ, 1978ರ ಕಾಯ್ದೆಗಳು ಬರಬೇಕಾಯಿತು. 2020ರ ತಿದ್ದುಪಡಿಯಿಂದ ಬೇಸಾಯಗಾರರಲ್ಲದವರೂ ಸಾಗುವಳಿಯ ಭೂಮಿಯನ್ನು ಕೊಳ್ಳಲು ದಾರಿ ತೆರೆಯಿತು. ಅದರ ಸಾಧಕಬಾಧಕಗಳ ಚರ್ಚೆ ಇಲ್ಲಿ ಅಪ್ರಕೃತ. ಆದರೆ ಪ್ರಕಾಶವೆಂಬ ವಿಜ್ಞಾನೇಶ್ವರನ ಪ್ರಯೋಜನವನ್ನು ಇಂದಿನ ಕಾಯ್ದೆಗಳೂ ಬಿಟ್ಟಿಲ್ಲ. 1908ರ ನೋಂದಣಿ ಕಾಯ್ದೆಯು ಕ್ರಯಪತ್ರದ ದಾಖಲೆಯನ್ನು ಯಾರು ಬೇಕಾದರೂ ನೋಡಬಹುದೆಂದಿತು. 2016ರ ರೇರಾ ಕಾಯ್ದೆಯು 500 ಚದರ ಮೀಟರು, ಅಂದರೆ ಸುಮಾರು ಐದು ಗುಂಟೆ, ಮೀರಿದ ಬಡಾವಣೆಯ ವಿವರಗಳನ್ನು ಬಹಿರಂಗವಾಗಿ ಸಲ್ಲಿಸಿದ ಮೇಲೆಯೇ ಮಾರಬೇಕೆಂದಿತು. ಪ್ಲಾಟು ಕೊಳ್ಳುವವನಿಗೆ ಇದರಿಂದ ಕಣ್ಣು ಬಂದಿತು. ಹೊಲ ಮಾರುವವನಿಗೆ ಬರಲಿಲ್ಲ. ಕ್ರಯವಾದ ಮೇಲಿನ ಪ್ರಕಾಶವು ಅವನ ಪಾಲಿಗೆ ಸಂಜೆಯ ಮೇಲೆ ಹಚ್ಚಿದ ದೀಪವಲ್ಲ, ಮನೆ ಸುಟ್ಟ ಮೇಲೆ ಕಂಡ ಬೆಳಕು.

ಗೋಷ್ಠಿಯಾದ ಆರನೆಯ ದಿನ ನೆರೆಯ ಹಳ್ಳಿಯ ಒಬ್ಬ ವೃದ್ಧ ಒಕ್ಕಲಿಗನು ನಮ್ಮ ಮನೆಗೆ ಬಂದನು. ಅವನ ಮಕ್ಕಳಿಬ್ಬರೂ ನನ್ನಲ್ಲಿ ಓದಿದವರು. ಎರಡೂವರೆ ಎಕರೆ ಮಸಾರಿ ಹೊಲಕ್ಕೆ ಗಿರಾಕಿ ಬಂದಿದೆ, ಕೊಡಲೋ ಬೇಡವೋ ಎಂದು ಕೇಳಿದನು. ಸರ್ವೆ ನಂಬರು ಹೇಳಿದ ಕೂಡಲೇ ನನಗೆ ತಿಳಿಯಿತು: ದಾರಿ ಹಾಯುವುದೆಂದು ಆ ಬೇವಿನ ಮರದಡಿಯಲ್ಲಿ ಕೇಳಿದ್ದು ಅದನ್ನೇ. ಗಿರಾಕಿಯು ನನ್ನ ಶಿಷ್ಯನೇ.

ಅತಿಥಿಯಾಗಿ ಕೇಳಿದ ಮಾತನ್ನು ಹೊರಗೆ ಹಾಕುವುದು ವಿಶ್ವಾಸಘಾತವಲ್ಲವೇ? ನಂಬಿ ಬಂದವನಿಗೆ ಬಲ್ಲುದನ್ನು ಹೇಳದಿರುವುದು ಅದಕ್ಕೂ ಹಿರಿಯ ಘಾತವಲ್ಲವೇ? ನಲವತ್ತು ವರ್ಷ ಮಕ್ಕಳಿಗೆ ಧರ್ಮಸೂಕ್ಷ್ಮಗಳನ್ನು ಬೋಧಿಸಿದ ನಾನು ಆ ರಾತ್ರಿ ಉತ್ತರ ಕಾಣದೆ ಹೊರಳಾಡಿದೆನು. ಬೆಳಗ್ಗೆ ಎದ್ದು ಮೊದಲು ಶಿಷ್ಯನಲ್ಲಿಗೆ ಹೋಗಿ, “ನಾನು ಅವನಿಗೆ ಹೇಳುವೆನು, ನಿನಗೆ ತಿಳಿಸದೆ ಹೇಳಬಾರದೆಂದು ಬಂದೆನು” ಎಂದೆನು. ಅವನು ಬಹಳ ಹೊತ್ತು ಸುಮ್ಮನಿದ್ದು, “ನಾನೂ ಸಾಲ ತಂದೀನ್ರಿ ಗುರುಗಳೇ” ಎಂದನು. ಅದೂ ಸುಳ್ಳಲ್ಲ. ಆ ಸುದ್ದಿ ಹುಸಿಯಾದರೆ ನಷ್ಟ ಅವನದೇ ಎಂಬುದೂ ಸುಳ್ಳಲ್ಲ. ಆದರೂ ಹೇಳಬೇಡವೆನ್ನಲಿಲ್ಲ.

ಮುದುಕನಿಗೆ ಹೇಳಿದೆನು. ಅವನು ಎಲ್ಲವನ್ನೂ ಕೇಳಿ, ತಲೆಯ ಮೇಲಿನ ರುಮಾಲನ್ನು ತೆಗೆದು ತೊಡೆಯ ಮೇಲೆ ಇಟ್ಟುಕೊಂಡು, “ನಿನ್ನೆ ಸಂಜಿಗೆ ಬಯಾನ ಇಸಗೊಂಡೀನ್ರಿ. ಮಾತು ಕೊಟ್ಟಾಗೇತಿ” ಎಂದನು. ಬಯಾನ ಹಿಂದಿರುಗಿಸಬಹುದಲ್ಲ ಎಂದು ನಾನೇ ಸೂಚಿಸಿದೆನು. ಅವನು ನನ್ನನ್ನು ನೋಡಿದ ನೋಟಕ್ಕೆ ತಲೆ ತಗ್ಗಿಸಿದೆನು.

ಇದೆಲ್ಲವನ್ನೂ ಶಿಷ್ಯನಿಗೆ ತಿಳಿಸಿದ್ದೇನೆ. ಕ್ರಯಪತ್ರ ಇನ್ನೂ ಆಗಿಲ್ಲ. ಬರುವ ತಿಂಗಳ ಗೋಷ್ಠಿಯಲ್ಲಿ ವಿಜ್ಞಾನೇಶ್ವರನ ಆ ಆರರ ವಿಷಯವನ್ನು ಹೇಳಬೇಕೆಂದು ಅವನು ಕೇಳಿದನು. ಬೇವಿನ ಮರದಡಿಯಲ್ಲಿ ಬೇಡ, ಆ ಎರಡೂವರೆ ಎಕರೆಯ ಬದುವಿನ ಮೇಲೆ, ನೆರೆಹೊಲದವರನ್ನೂ ಕರೆದು ಕೂಡುವುದಾದರೆ ಬರುವೆನೆಂದು ಹೇಳಿದ್ದೇನೆ. ನಕ್ಕನು, ವಿಚಾರ ಮಾಡಿ ಹೇಳುವೆನೆಂದು ಹೋದನು.